ಡಾಬರಮನ್ ಠರಾವು

“ಬರಿಯೋದು ಬಂದ್ ಮಾಡೋ ತಮ್ಮಾ! ನಾಯಿ ಕಚ್ಚಿದ್ದು ನಿನ್ನ ಪೆನ್ನಿಗಲ್ಲ, ನನ್ನ ಕಾಲಿಗೆ!”

ಹೀಗೆ ಬೈಸಿಕೊಂಡು ಕಥೆ ಶುರು ಮಾಡಬಹುದೇ? ಓದುಗರೇ, ನೀವೇ ಹೇಳಿ. ನಾನಂತೂ ಬಸವಕಲ್ಯಾಣದ ಕೋಟೆಯಿಂದ ಶುರು ಮಾಡಿದ್ದೆ. ಎಳೆಬಿಸಿಲು, ಬುರುಜು, ಬುರುಜಿನ ಮೇಲೆ ಪಾರಿವಾಳ. ಒಂದು ಪುಟ ತುಂಬಿದರೂ ನಾಯಿ ಬರಲೇ ಇಲ್ಲ. ಹರಿದು ಒಗೆದೆ. ಎರಡನೇ ಡ್ರಾಫ್ಟಿನಲ್ಲಿ ನಾಯಿಯೇ ಕಥೆ ಹೇಳುತ್ತಿತ್ತು. ನನಗಿಂತ ಚೆನ್ನಾಗಿ ಹೇಳುತ್ತಿದೆ ಅನ್ನಿಸಿ ಸಿಟ್ಟು ಬಂತು. ಅದನ್ನೂ ಒಗೆದೆ.

ಈಗ ಬೈಯುತ್ತಿರುವವಳು ಸುಮನಬಾಯಿ. ದುಬಲಗುಂಡಿಯ ಕೂಲಿ ಹೆಂಗಸು, ನಾನೇ ಹುಟ್ಟಿಸಿದ ಪಾತ್ರ. ಹುಟ್ಟಿಸಿದವನು ಎಂಬ ಮರ್ಯಾದೆ ಅವಳಿಗಿಲ್ಲ.

1

2001ನೇ ಇಸವಿ. ಕಿರಾಣಿ ಅಂಗಡಿಯ ಬಸವಣಪ್ಪ ಹೈದರಾಬಾದಿನಿಂದ ಡಾಬರಮನ್ ನಾಯಿ ತಂದು ತೊಗರಿ ಗೋದಾಮಿನ ಮುಂದೆ ಕಟ್ಟಿದ. ಹೆಸರು ಟೈಗರ್. (ಹೊರಗಿನಿಂದ ಬಂದ ನಾಯಿಗೆಲ್ಲ ನಮ್ಮ ಕಡೆ ಟೈಗರ್ ಎಂದೇ ಹೆಸರು. ಊರ ನಾಯಿಗೆ ಹೆಸರಿಲ್ಲ, ‘ಹಚಾ’ ಅಂದರೆ ಮುಗಿಯಿತು.) ಕಸ ತೆಗೆಯಲು ಹೊಲಕ್ಕೆ ಹೋಗುವ ಹೆಂಗಸರಿಗೆ ಇರುವುದು ಅದೇ ಓಣಿ. ಒಂದು ಮುಂಜಾನೆ ಟೈಗರ್ ಗೂಟ ಕಿತ್ತುಕೊಂಡು ಬಂದು ಸುಮನಬಾಯಿಯ ಮೀನಖಂಡಕ್ಕೆ ಬಾಯಿ ಹಾಕಿತು. ಹುಮನಾಬಾದಿನ ದವಾಖಾನೆ, ಹೊಟ್ಟೆಗೆ ಸೂಜಿ. ಅಂದಿನಿಂದ ಅವಳು ಹಳ್ಳ ಸುತ್ತಿ ಹೊಲಕ್ಕೆ ಹೋಗುತ್ತಾಳೆ, ತಡವಾಗುತ್ತದೆ. ಹೆಂಗಸರು ಸಾಲು ಹಿಡಿದ ಮೇಲೆ ಬಂದವಳನ್ನು ಕೆಲಸಕ್ಕೆ ಹಚ್ಚಿಕೊಳ್ಳುವ ರೂಢಿ ಇಲ್ಲ. ಕೂಲಿ ತಪ್ಪುತ್ತಿದೆ.

2

ಪಂಚಾಯ್ತಿ ಕೂಡಿತು. ಅಧ್ಯಕ್ಷ ಮಹಾರುದ್ರಪ್ಪ ಠರಾವು ಹೇಳಿ ಬರೆಸಿದ: ಡಾಬರಮನ್ ತಳಿಯ ನಾಯಿ ಊರಲ್ಲಿ ಇರಬಾರದು.

“ನಾಯಿ ತಪ್ಪಲ್ರಿ, ಗೂಟದ ತಪ್ಪು,” ಅಂದ ಬಸವಣಪ್ಪ.

“ಗೂಟ ಬಡದವರು ಯಾರ್ರಿ ಸಾವಕಾರ್ರ?” ಎಂದ ಸುಮನಬಾಯಿಯ ಗಂಡ ಲಾಲಪ್ಪ.

ಆಡು ಸಾಕುವ ಮೊಹಿನುದ್ದೀನ್ ಬಸವಣಪ್ಪನ ಕಡೆ. “ನಮ್ಮೂರ ನಾಯಿಗೋಳು ಏನ್ ಸೂಫಿ ಸಂತರೇನ್ರಿ? ನನ್ನ ಮರಿ ಹರದದ್ದು ಅವೇ. ಕಚ್ಚಿದ್ ನಾಯಿ ನೋಡ್ರಿ, ತಳಿ ಯಾಕ ನೋಡ್ತೀರಿ?”

“ಊರ ನಾಯಿ ಕಚ್ಚಿ ಓಡ್ತದ. ಇದು ಹಿಡದ್ರ ಬಿಡೂದಿಲ್ಲ,” ಲಾಲಪ್ಪ ಅಂದ. “ಆ ದವಡಿ ನೋಡು ಮೊಹಿನುಭಾಯ್. ಇನ್ನೊಬ್ಬರಿಗೆ ಕಚ್ಚೋ ತನಕ ಕಾಯ್ಕೋತ ಕೂಡಬೇಕೇನು?”

(ನನಗೆ ಇಬ್ಬರ ಮಾತೂ ಖರೆ ಅನ್ನಿಸಿತು. ಇಂಥ ಲೇಖಕನನ್ನು ಪಂಚಾಯ್ತಿಯ ಒಳಗೆ ಬಿಡಬಾರದು.)

ಆಗ ಬಸವಣಪ್ಪ ಎದ್ದು ನಿಂತು ಎದೆ ಮುಟ್ಟಿಕೊಂಡ. “ನಾವು ಕಲ್ಯಾಣದ ಮಗ್ಗಲದಾಗ ಇರೋ ಮಂದಿ. ಹುಟ್ಟು ನೋಡಿ ಯಾರಿಗೂ ಹೊರಗ ಹಾಕಬಾರದು!”

ಸುಮನಬಾಯಿ ಅಳುತ್ತಾಳೆ ಎಂದು ಬರೆದಿದ್ದೆ. ನಕ್ಕಳು.

“ಸಾವಕಾರ್ರ, ಈ ಮಾತು ನಿಮ್ಮ ಬಾಯಾಗ ಕೇಳಾಕ ನಾನು ನಾಯಿ ಕಡಿಸಿಕೋಬೇಕಾತು. ನಿಮ್ಮ ಟೈಗರ್ ಮಳಿ ಬಂದ್ರ ನಿಮ್ಮ ಪಡಸಾಲಿಯಾಗ ಮಲಗ್ತದ. ನಮ್ಮ ಮನಿಯವರು ಈಗೂ ನಿಮ್ಮ ಅಂಗಳದಾಗ ನಿಂತೇ ಮಾತಾಡ್ತಾರ.”

ಬಸವಣಪ್ಪ ಎದೆಯ ಮೇಲಿನ ಕೈ ಇಳಿಸಿ ಕೂತ. ನಾನು ಒಂದು ಸಾಲು ಖಾಲಿ ಬಿಟ್ಟೆ.

4

(ಮೂರನೆಯದು ಆ ಖಾಲಿ ಸಾಲು.)

ಡಾಬರಮನ್ ಅಂದರೆ ಯಾವುದು ಎಂದು ಠರಾವಿನಲ್ಲಿ ಹೇಳಬೇಕಲ್ಲ? ‘ಕಿವಿ ನಿಂತಿರುವ, ಬಾಲ ತುಂಡಾಗಿರುವ ನಾಯಿ’ ಎಂದು ಬರೆಸಿದರು. ಪಂಚಾಯ್ತಿ ಕಟ್ಟೆಯ ಕೆಳಗೆ ಮಹಾರುದ್ರಪ್ಪನ ಸ್ವಂತ ನಾಯಿ ಮಲಗಿತ್ತು. ಊರದ್ದೇ, ಬಾಲ ಟ್ರ್ಯಾಕ್ಟರ್ ಗಾಲಿಗೆ ಸಿಕ್ಕು ಹೋದದ್ದು. ಜನ ನಕ್ಕ ಸದ್ದಿಗೆ ಅದು ಎದ್ದು ಕಿವಿ ನಿಮಿರಿಸಿತು. ಠರಾವು ಅಲ್ಲಿಗೇ ನಿಂತಿತು.

“ನಾಯಿ ಇರಲಿ, ಹೋಗಲಿ,” ಸುಮನಬಾಯಿ ಅಂದಳು. “ನಾವು ಹೆಂಗಸರು ಹೊಲಕ್ಕ ಹೋಗೋ ಹೊತ್ತಿಗೆ ಸಾವಕಾರ್ರು ಖುದ್ದ ಸರಪಳಿ ಹಿಡಕೊಂಡು ನಿಂದರಬೇಕು. ಆಳಿಗೆ ಕಳಸಬಾರದು.”

ಮರುದಿನ ಬಸವಣಪ್ಪ ಬನಿಯನ್ನಿನಲ್ಲಿ, ಆಕಳಿಸುತ್ತ, ಎರಡೂ ಕೈಯಲ್ಲಿ ಸರಪಳಿ ಹಿಡಿದು ನಿಂತ. ಹೆಂಗಸರು ಬೇಕೆಂದೇ ಒಬ್ಬೊಬ್ಬರಾಗಿ “ಶರಣ್ರೀ ಸಾವಕಾರ್ರ” ಅನ್ನುತ್ತ ದಾಟಿದರು. ತಿರುಗಿ ಕೈ ಮುಗಿಯಲು ಅವನ ಕೈ ಖಾಲಿ ಇಲ್ಲ. ಪ್ರತಿಯೊಬ್ಬಳಿಗೂ ತಲೆ ಬಾಗಿಸಿದ. ಕೊನೆಗೆ ಅವನಿಗೂ ನಗು ಬಂತು. ನನಗೂ ಹಿತವಾಯಿತು. ಇಲ್ಲಿಗೇ ಪೆನ್ನಿನ ಟೋಪಿ ಹಾಕಿದ್ದರೆ ಜಾಣನಾಗಿರುತ್ತಿದ್ದೆ.

ಮುಕ್ತಾಯಗಳು

ಒಂದು: ಟೈಗರ್ ಸುಮನಬಾಯಿಯನ್ನು ಹಾವಿನಿಂದ ಉಳಿಸುತ್ತದೆ.

“ನನ್ನ ಹಾದ್ಯಾಗ ಹಾವು ಬಿಟ್ಟರ ನೋಡು!” ಎಂದಳು. ಹೊಡೆದು ಹಾಕಿದೆ. (ಹಾವನ್ನಲ್ಲ, ಸಾಲನ್ನು.)

ಇನ್ನೊಂದು: ಟೈಗರನ್ನು ಘಾಟಬೋರಾಳದ ಬೀಗರ ಮನೆಗೆ ಕಳಿಸುತ್ತಾರೆ.

“ಅಲ್ಲಿ ಹೆಂಗಸರು ಹೊಲಕ್ಕ ಹೋಗೂದಿಲ್ಲೇನು?”

ಹಾಗಾದರೆ ಇದು: ಸುಮನಬಾಯಿ ನಗುತ್ತ ಟೈಗರ್‌ನ ತಲೆ ಸವರಿದಳು.

“ಸವರೂದಿಲ್ಲ.”

“ಅಕ್ಕಾ, ಒಂದೇ ಸಲ. ಓದೋರಿಗೆ ಸಮಾಧಾನ ಆಗ್ತದ.”

“ಅವರ ಸಮಾಧಾನಕ್ಕ ನನ್ನ ಕೈ ಯಾಕ? ನನ್ನ ಅಂಜಿಕಿ ಹೋಗಿಲ್ಲ. ಹಾದಿ ಸಿಕ್ಕದ, ಅಷ್ಟ.”

ನನಗೆ ರೇಗಿತು. “ಕಥಿ ನಂದು! ಸವರು ಅಂದ್ರ ಸವರಬೇಕು!” ಎಂದು ಕೂಗಿ, ಸವರಿದಳು ಎಂದೇ ಮತ್ತೆ ಬರೆದೆ.

ಅವಳು ಕಸ ತೆಗೆಯುವ ಖುರ್ಪಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ವಾಕ್ಯ ಮುಗಿಯುವ ಮೊದಲೇ ಎದ್ದು ಓಣಿಗೆ ಇಳಿದಳು. ಟೈಗರ್ ಎಗರಿ ಬೊಗಳಿತು. ಬಸವಣಪ್ಪ ಹಿಮ್ಮಡಿ ಊರಿ ಸರಪಳಿ ಜಗ್ಗಿದ. ಅವಳು ಗೋಡೆಗೆ ಸರಿಯಲಿಲ್ಲ, ಓಣಿಯ ನಟ್ಟನಡುವೆ ನಡೆದಳು.

“ಅಕ್ಕಾ, ಆ ಸಾಲು ಹೊಡದು ಹಾಕೀನಿ, ತಿರುಗಿ ಬಾ!” ಎಂದು ಕೂಗಿದೆ. ಖರೆಯಾಗಿಯೂ ಹೊಡೆದು ಹಾಕಿದ್ದೆ. ಅವಳು ಬರಲಿಲ್ಲ. ಈವರೆಗೂ ಬಂದಿಲ್ಲ.

“ಮುಂದೇನ್ ಬರೀತೀರಿ?” ಬಸವಣಪ್ಪ ಕೇಳಿದ. “ನನ್ನ ಕೈ ನೋಯಾಕತ್ತಾವ.”

“ಗೊತ್ತಿಲ್ರಿ,” ಅಂದೆ. “ನೀವು ಮಾತ್ರ ಹಿಡಕೊಂಡೇ ನಿಂದರ್ರಿ.”