ಎಡಗೈಯ ಸುತ್ತು

ಹಿಟ್ಟಿಗೆ ಹುಳಿ ಬಂದಿದೆ, ಮುಚ್ಚಿಟ್ಟರೂ ಮೂಗಿಗೆ ತಾಕುತ್ತಿದೆ, ಅದರ ಮೇಲೆ ಕಡಲಿನ ಉಪ್ಪುಗಾಳಿ, ಪಕ್ಕದ ಗಾಡಿಯ ಕುಲ್ಫಿಯ ಏಲಕ್ಕಿ — ಆಸ್ಪತ್ರೆಯಲ್ಲಿ ಮಲಗಿದ್ದಾಗ ಈ ಮೂರೂ ಕೂಡಿದ ವಾಸನೆಗೇ ಜೀವ ಹಾತೊರೆಯುತ್ತಿತ್ತು, ಲಕ್ವ ಹೊಡೆದ ಬಲಗೈ ಮಗ್ಗುಲಲ್ಲಿ ಬಿದ್ದಿತ್ತು, ಈಗಲೂ ಹಾಗೇ, ಮಡಿಲಲ್ಲಿ, ನಿದ್ದೆ ಹೋದ ಕೂಸಿನಂತೆ. ಸಂಜೆಯ ಜನ ಬರತೊಡಗಿದ್ದಾರೆ, ಚಪ್ಪಲಿ ಕೈಯಲ್ಲಿ ಹಿಡಿದವರು, ಮಕ್ಕಳನ್ನು ಹೆಗಲಿಗೇರಿಸಿಕೊಂಡವರು, ಮರಳು ಮೆತ್ತಿದ ಪಾದಗಳು. ಗಾಳಿಗೆ ಸಿಗದ ಜಾಗವೆಂದರೆ ಈ ಗೋಡೆಯ ಮೂಲೆಯೊಂದೇ, ಗಾಳಿ ಹೊಡೆದರೆ ಎಣ್ಣೆ ತಣಿದು ಜಿಲೇಬಿ ಚಪ್ಪಟೆಯಾಗುತ್ತದೆ, ಅದಕ್ಕೇ ನನ್ನ ಗಂಡ ಆ ಕಾಲದಲ್ಲೇ ಇದನ್ನು ಹಿಡಿದಿದ್ದ. ಇವತ್ತು ನಿನ್ನ ಕೈಯಲ್ಲಿ ಬಾಣಲೆ ನಡೆದ್ರೆ ಮೂಲೆ ನಿಂದೇ ಅಕ್ಕ, ಇಲ್ಲಾಂದ್ರೆ ಗೋಲಾದವನಿಗೆ ಬಿಟ್ಕೊಡು, ಇನ್ನೂ ಖಾಲಿ ಇಟ್ರೆ ಸಾಲಿನವರು ಕೇಳಲ್ಲ — ಗಾಡಿಸಾಲಿನ ಹಿರಿಯ ಕುಲ್ಫಿಯವನು, ತಲೆ ತಗ್ಗಿಸಿಕೊಂಡೇ ಹೇಳಿದ. ಐಸ್ ಗೋಲಾದವನಿಗೆ ಅಷ್ಟು ಹೊತ್ತೂ ತಡೆಯಲಾಗಿಲ್ಲ, ಒಕ್ಕಲು ಬಂದವನಂತೆ ಆಗಲೇ ಗೋಡೆಯ ಮೇಲೆ ತನ್ನ ಶರಬತ್ತಿನ ಬಾಟಲಿಗಳನ್ನು ಜೋಡಿಸಿದ್ದಾನೆ, ಕೆಂಪು, ಹಸಿರು, ಹಳದಿ. ಸೊಸೆ ಪಾಕ ನೋಡುತ್ತಿದ್ದಾಳೆ, ಪಾಕದಲ್ಲಿ ಅವಳಿಗೆ ಸಾಟಿಯಿಲ್ಲ, ಬಾಣಲೆಯಿಂದ ಮಾತ್ರ ಮಾರು ದೂರ ನಿಲ್ಲುತ್ತಾಳೆ, ಒಮ್ಮೆ ಎಣ್ಣೆ ಸಿಡಿದದ್ದನ್ನು ಅವಳ ಮೈ ಮರೆತಿಲ್ಲ, ಆಗದಿದ್ರೆ ಬಿಟ್ಬಿಡಿ ಅತ್ತೆ, ಮನೆಗೆ ಹೋಗೋಣ, ಅನ್ನುತ್ತಾಳೆ ಮೆಲ್ಲಗೆ, ಮನೆಯಲ್ಲಿ ನನಗೆ ಏನಿದೆ, ಗೋಡೆ ಇದೆ, ಕಿಟಕಿ ಇದೆ.

ಎಡಗೈ ಬಟ್ಟೆಯ ಗಂಟನ್ನು ಹಿಂಡುತ್ತದೆ, ತೂತಿನಿಂದ ಹಿಟ್ಟು ಇಳಿದು ಒಂದು ಸುತ್ತು, ಎರಡು, ಮೂರನೆಯದು ದಾರಿ ತಪ್ಪಿತು, ಕೊನೆಗೆ ಬಾಲ ಅಡ್ಡ ಬಂದು ಬೀಗ ಹಾಕಬೇಕು, ಹಾಕಲಿಲ್ಲ, ಬಿಚ್ಚಿಕೊಂಡು ಉದ್ದಕ್ಕೆ ತೇಲಿತು. ಸುತ್ತು ಯಾರು ಬೇಕಾದ್ರೂ ಹಾಕ್ತಾರೆ ಕಣೇ, ಬಾಲ ನೋಡು ಬಾಲ, ಎಂದು ನನ್ನ ಬಲಗೈಯನ್ನು ತನ್ನ ಕೈಯೊಳಗಿಟ್ಟುಕೊಂಡು ತಿರುಗಿಸಿದ್ದ ನನ್ನ ಗಂಡ, ಮದುವೆಯಾದ ಹೊಸತು, ಮುಖ ಕೆಂಪಾದದ್ದು ಒಲೆಯ ಬಿಸಿಗೋ ನಾಚಿಕೆಗೋ. ಅದೇ ಸುತ್ತನ್ನು ಎಡಗೈಗೂ ಹೇಳಿಕೊಟ್ಟೆ, ವರ್ಷವೆಲ್ಲ, ಅಡುಗೆಮನೆಯ ನೆಲದ ಮೇಲೆ ಗಂಜಿನೀರಿನಲ್ಲಿ ಬರೆದು ಬರೆದು, ಸೊಸೆ ಒರೆಸಿ ಒರೆಸಿ ಬೇಸತ್ತಳು, ಕೈಗೆ ಮಾತ್ರ ಅದು ಒಗ್ಗಲಿಲ್ಲ. ಇದೇನಕ್ಕ, ಜಿಲೇಬಿಯೋ ಶಾವಿಗೆಯೋ, ಗೋಲಾದವನು ನಗುತ್ತಾನೆ, ಕಾಯುತ್ತಿದ್ದ ಇಬ್ಬರು ಅವನ ಕಡೆಗೇ ಸರಿದರು, ಇನ್ನೊಂದು ಹಾಕಿದೆ, ಅದೂ ಬಿಚ್ಚಿತು, ಸಾಕೇನೋ, ಏಳಲೇನೋ — ಜೇನುನೊಣ, ಪಾಕಕ್ಕೆ ಬಂದದ್ದು, ಕಣ್ಣಿನ ಹತ್ತಿರ ಗುಂಯ್ ಅಂದಿತು, ಎಡಗೈ ತಾನಾಗಿ ಎದ್ದು ಅದನ್ನು ಅಟ್ಟಿತು, ಗಾಳಿಯಲ್ಲೇ ಒಂದು ಸುತ್ತು, ಇನ್ನೊಂದು, ಎಷ್ಟು ಸಲೀಸು — ತಾಳು, ಯಾವ ಕಡೆಗೆ ತಿರುಗಿತು ಇದು? ನಾನು ಕಲಿಸಿದ ಕಡೆಗಲ್ಲ. ಉಲ್ಟಾ. ಅಯ್ಯೋ ಪಾಪದ್ದೇ, ಇಷ್ಟು ದಿನ ನಿನ್ನನ್ನು ಬಲಗೈಯ ದಾರಿಯಲ್ಲಿ ಎಳೆದಾಡಿದೆನಲ್ಲ, ಹೋಗು, ನಿನ್ನ ದಾರಿಯಲ್ಲಿ ಹೋಗು.

ಹಿಟ್ಟು ಇಳಿಯುತ್ತದೆ, ಒಂದು, ಎರಡು, ಮೂರು, ಬಾಲ ಅಡ್ಡ ಬಂತು, ಬೀಗ. ಉಬ್ಬಿತು, ಬಣ್ಣ ಏರಿತು, ಸೊಸೆ ಜಾಲರಿ ಹಾಕಿ ಎತ್ತಿದಳು, ಬಾಣಲೆಯ ಮೇಲೆ ಪೂರ್ತಿ ಬಾಗಿ, ಅವಳ ಹೆದರಿಕೆ ಎಲ್ಲಿ ಹೋಯಿತೋ, ಪಾಕಕ್ಕೆ ಬಿಟ್ಟು ಮೂಗು ಸೊರ್ರೆಂದು ಎಳೆದುಕೊಂಡಳು, ಹೊಗೆ ಅತ್ತೆ, ಅಂದಳು, ಹೊಗೆಯೇ ಇರಲಿಲ್ಲ. ಕುಲ್ಫಿಯವನು ತನ್ನ ಗಾಡಿ ಬಿಟ್ಟು ಬಂದ, ಒಂದನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ, ಕಚ್ಚಿದ, ಕಣ್ಣು ಮುಚ್ಚಿದ, ಅದೇ ರುಚಿ ಅಕ್ಕ, ಮುಖ ಮಾತ್ರ ಆ ಕಡೆ ತಿರುಗಿಸ್ಕೊಂಡಿದೆ. ಜನ ಬಂದರು, ಮತ್ತೆ ಬಂದರು, ಮಕ್ಕಳ ಗಲ್ಲದ ಮೇಲೆ ಪಾಕ, ಕಾಗದದ ಪೊಟ್ಟಣಗಳು, ನಂಗೆ ಬಿಸೀದು ನಂಗೆ ಬಿಸೀದು, ಗೋಡೆಯ ಮೇಲಿಂದ ಕೆಂಪು ಬಾಟಲಿ ಹೋಯಿತು, ಹಸಿರು ಹೋಯಿತು, ಹಳದಿಯನ್ನು ಕಂಕುಳಲ್ಲಿ ಇರುಕಿಕೊಂಡು ಗೋಲಾದವನು ನಿಂತ, ಅಕ್ಕ, ನಂಗೂ ಒಂದು ಕೊಡ್ತೀರಾ. ಶಾವಿಗೆ ಬೇಡ್ವಾ, ಎಂದು ಕೇಳಿಯೇ ಕೊಟ್ಟೆ, ಎರಡು ಕೊಟ್ಟೆ. ಮಡಿಲಲ್ಲಿ ಬಲಗೈ ಬೆಚ್ಚಗೆ ಮಲಗಿದೆ, ಮಲಗಲಿ, ದುಡಿದ ಕೈ, ಎಡಗೈ ನಿಲ್ಲುತ್ತಿಲ್ಲ, ನಿಲ್ಲು ಅಂದರೂ ನಿಲ್ಲುತ್ತಿಲ್ಲ, ಎಣ್ಣೆಯ ತುಂಬ ಆ ಕಡೆ ಮುಖ ಮಾಡಿದ ಸುತ್ತುಗಳು, ಒಂದು, ಎರಡು, ಮೂರು, ಬಾಲ ಅಡ್ಡ ಬರುತ್ತದೆ, ಬೀಗ — ಮತ್ತೆ ಬಾಲ, ಬೀಗ — ಬಾಲ —