ನಡುಹೊಳೆಯ ಸಿಗ್ನಲ್

ಆಳಿಗೆ ಐದು, ಸೈಕಲ್ ಜೊತೆಗಿದ್ದರೆ ಎಂಟು, ಮೇಕೆಗೆ ಮೂರು, ಕಂಕುಳಲ್ಲಿರುವ ಕೂಸಿಗೆ ಏನೂ ಇಲ್ಲ. ದೋಣಿಯವಳ ದರ ಇಷ್ಟೇ. ದೋಣಿಯ ತಳಕ್ಕೆ ಐದು ಹೊಸ ಹಲಗೆ ಬೇಕಿತ್ತು, ಒಂದೊಂದಕ್ಕೆ ಒಂಬೈನೂರು. ಹೊಳೆ ತುಂಬುವುದರೊಳಗೆ ಹಾಕಿಸದಿದ್ದರೆ ಆ ವರ್ಷ ದೋಣಿ ದಡದಲ್ಲೇ.

ಮೊದಲೆಲ್ಲ ದುಡ್ಡು ತಗಡಿನ ಡಬ್ಬಿಗೆ ಬೀಳುತ್ತಿತ್ತು. ಹುಟ್ಟು ಹಾಕುವವಳ ಕೈಗೆ ಬಿಡುವಿಲ್ಲ, ಕಣ್ಣು ನೀರಿನ ಮೇಲೆ. ಹಾಗಾಗಿ ಅವಳು ಕಿವಿಯಲ್ಲೇ ಎಣಿಸುತ್ತಿದ್ದಳು. ಠಣ್ ಅಂದರೆ ಬಂತು. ಫೋನಿನಲ್ಲಿ ಕೊಡುವವರಿಗೆಂದು ಮೈದುನ ಕಪ್ಪು ಬಿಳಿ ಚೌಕದ ಹಾಳೆ ಅಂಟಿಸಿ, ಮಾತಾಡುವ ಪೆಟ್ಟಿಗೆ ತಂದಿಟ್ಟ ಮೇಲೂ ಆ ಅಭ್ಯಾಸ ಬಿಡಲಿಲ್ಲ. "ಐದು ಬಂದಿದೆ" ಎಂದು ಪೆಟ್ಟಿಗೆ ಹೇಳಿದರೆ ಐದು. ದುಡ್ಡು ಬ್ಯಾಂಕಿನಲ್ಲಿ ಬೆಳೆಯುತ್ತಿದೆ, ಮುಟ್ಟಬೇಡಿ ಅಂದಿದ್ದ ಮೈದುನ.

ಸಿಗ್ನಲ್ ಸಿಗುತ್ತಿದ್ದದ್ದು ನಡುಹೊಳೆಯಲ್ಲಿ ಮಾತ್ರ. ಅಲ್ಲಿ ಅವಳು ಹುಟ್ಟು ಎತ್ತಿ ಹಿಡಿಯುತ್ತಿದ್ದಳು. ಮಂಜಿನಲ್ಲಿ ಎರಡೂ ದಡ ಕರಗಿ, ದೋಣಿ ಆಕಾಶದಲ್ಲೇ ನಿಂತಂತಿರುತ್ತಿತ್ತು. ಪೆಟ್ಟಿಗೆಯ ದನಿ ನೀರಿನ ಮೇಲೆ ಜಾರಿ ಹೋಗಿ, ಎಲ್ಲೋ ತಟ್ಟಿ, ಮತ್ತೆ ಬರುತ್ತಿತ್ತು. ಎರಡನೆಯ ಸಲ ಕೇಳಿಸಿದ್ದನ್ನು ಅವಳು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕೇಳುತ್ತ ಕೇಳುತ್ತ, ಹಲಗೆಗಳು ಒಂದೊಂದಾಗಿ ತೇಲಿ ಬಂದು ಕಾಲಡಿಯಲ್ಲಿ ಕೂರುವಂತೆ ಕಾಣುತ್ತಿತ್ತು.

ಐದನೆಯ ಹಲಗೆಯ ಲೆಕ್ಕವೂ ತುಂಬಿದ ಬೆಳಿಗ್ಗೆ, ದಿನಾ ಹೊಳೆ ದಾಟುವ ನರ್ಸಮ್ಮ ದುಡ್ಡು ಕಳಿಸಿ ಫೋನ್ ನೋಡಿದಳು.

"ಅಕ್ಕಾ, ಯಾವುದೋ ಗಂಡಸಿನ ಹೆಸರು ತೋರಿಸ್ತಿದೆಯಲ್ಲ?"

ಓದಿ ಹೇಳಿದಳು. ಮೈದುನನ ಹೆಸರು.

ಪೆಟ್ಟಿಗೆ ಸುಳ್ಳಾಡಿರಲಿಲ್ಲ. ಬಂದಿದೆ ಅಂದಿತ್ತು, ಯಾರಿಗೆ ಅಂತ ಇವಳು ಕೇಳಿರಲಿಲ್ಲ.

ನರ್ಸಮ್ಮನೇ ಬ್ಯಾಂಕಿಗೆ ಕರೆದೊಯ್ದು ಇವಳ ಹೆಸರಿನಲ್ಲಿ ಖಾತೆ, ಹಾಳೆ, ಪೆಟ್ಟಿಗೆ ಎಲ್ಲ ಹೊಸದಾಗಿ ಮಾಡಿಸಿದಳು. ಗುಟ್ಟಿನ ನಂಬರನ್ನು ತನಗೂ ಹೇಳಬೇಡ ಅಂದಳು. ಆಮೇಲೆ ದೋಣಿಯವಳು, ಮೈದುನ ಒಬ್ಬನೇ ದೋಣಿ ಹತ್ತುವ ದಿನಕ್ಕೆ ಕಾದಳು. ನಡುಹೊಳೆಯಲ್ಲಿ ಹುಟ್ಟು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಯಾಕತ್ತಿಗೆ, ನಿಲ್ಲಿಸಿದ್ರಿ?"

"ಸಿಗ್ನಲ್ ಇಲ್ಲೇ ಚೆನ್ನಾಗಿರೋದು ಕಣಪ್ಪ. ನನ್ನ ದುಡ್ಡು ಕಳಿಸು, ಹೋಗೋಣ."

ಕಾಗದಪತ್ರದ ರಗಳೆ ತಪ್ಪಲೆಂದು ಹಾಗೆ ಮಾಡಿದೆ ಅಂದ, ತೀರಿಕೊಂಡ ಅಣ್ಣನ ಹೆಸರೆತ್ತಿದ, ಬೈಕಿನ ಕಂತಿನ ಕಥೆ ಹೇಳಿದ. ಅವಳು ಹೂಂಗುಟ್ಟುತ್ತ ಕೂತಳು.

"ನಂಗೆ ಈಜು ಬರಲ್ಲ ಅಂತ ಗೊತ್ತಲ್ಲ ನಿಮಗೆ?"

"ಗೊತ್ತು. ದೋಣಿ ಬೇರೆ ಸೋರ್ತಿದೆ."

ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಮಾತಾಡಿತು: ಎರಡು ಸಾವಿರದ ಏಳುನೂರು ಬಂದಿದೆ. ದನಿ ಮಂಜಿನೊಳಗೆ ಹೋಗಿ ತಿರುಗಿ ಬಂತು. ಅವಳು ಒಂದನ್ನೇ ಎಣಿಸಿ ಹುಟ್ಟು ನೀರಿಗಿಳಿಸಿದಳು.

ಮೂರು ಹಲಗೆ ಹೊಸದಾಯಿತು. ಉಳಿದೆರಡರ ಮೇಲೆ ತಗಡು ಬಡಿಸಿದಳು. ಮೈದುನ ಈಗ ದೂರದ ಸೇತುವೆ ಬಳಸಿ ಹೋಗುತ್ತಾನೆ. ಅವನು ದೋಣಿಗೆ ಎಂದೂ ದುಡ್ಡು ಕೊಟ್ಟವನಲ್ಲ, ಅಲ್ಲಿ ನಷ್ಟವಿಲ್ಲ. ಬೈಕಿಗೆ ಹೋದ ಸಾವಿರದ ಎಂಟುನೂರು ಮಾತ್ರ ಹೋಗಿಯೇ ಹೋಯಿತು.