ಉಚಿತ ಉಣ್ಣಿ ಶಿಬಿರ

ಉಣ್ಣೆ ಕಾರ್ಖಾನೆಯ ಮೇಸ್ತ್ರಿಗೆ ತನ್ನ ಕೈಬರಹದ ಮೇಲೆ ಎಲ್ಲಿಲ್ಲದ ಹೆಮ್ಮೆ. ಹಾಗಾಗಿ ಗೇಟಿಗೆ ಅಂಟಿಸುವ ಕಾಗದವನ್ನು ಈ ಸಲವೂ ತಾನೇ ಬರೆದ. ಹುಡುಗ ಹುಡುಗಿಯರಿಗೆ ಉಣ್ಣೆ ಹಿಂಜುವುದು, ನೂಲುವುದು ಕಲಿಸುವ ಶಿಬಿರ. ಹಿಂದಿನ ಸಲ ಬಂದವಳು ಹೆಂಡತಿ ಒಬ್ಬಳೇ, ಅದೂ ಅವನು ಮರೆತುಬಂದ ಕನ್ನಡಕ ಕೊಡಲು. “ಈ ಭಾನುವಾರವೂ ಯಾರೂ ಬರದಿದ್ರೆ ಆ ಶಿಬಿರದ ಕೋಣೆಗೆ ರಟ್ಟಿನ ಡಬ್ಬ ತುಂಬಿಸ್ತೀನಿ ನೋಡು,” ಎಂದು ಮಾಲೀಕರು ಹೇಳಿಬಿಟ್ಟಿದ್ದರು. ಆ ಕೋಣೆಯ ರಾಟೆಯಲ್ಲೇ ಮೇಸ್ತ್ರಿಗೆ ಅವನಪ್ಪ ನೂಲಲು ಕಲಿಸಿದ್ದು. ಅದು ಮೂಲೆಗುಂಪಾಗುವುದನ್ನು ನೋಡಲು ಅವನು ತಯಾರಿರಲಿಲ್ಲ.

ಭಾನುವಾರ ಬಾಗಿಲು ತೆರೆದರೆ ಮೆಟ್ಟಿಲ ತುಂಬ ಹುಡುಗರು! ಮೇಸ್ತ್ರಿ ಉಬ್ಬಿಹೋದ. ಆಮೇಲೆ ನಾಯಿಗಳು ಕಣ್ಣಿಗೆ ಬಿದ್ದವು. ಒಬ್ಬೊಬ್ಬರ ಕೈಯಲ್ಲೂ ಒಂದು ಹಗ್ಗ, ಅದರ ತುದಿಗೆ ಪರಪರ ಮೈ ಕೆರೆದುಕೊಳ್ಳುವ ಒಂದು ನಾಯಿ.

“ಅಂಕಲ್, ಉಣ್ಣಿ ತೆಗೆಯೋದು ಇಲ್ಲೇನಾ?” ಎಂದಳು ಎರಡು ಜಡೆಯ ಹುಡುಗಿ.

ಮೇಸ್ತ್ರಿ ಗೇಟಿಗೆ ಓಡಿದ, ಕನ್ನಡಕ ಏರಿಸಿ ಓದಿದ. ‘ಉಚಿತ ಉಣ್ಣಿ ಶಿಬಿರ.’ ಎತ್ವ ಇರಬೇಕಾದ ಕಡೆ ಗುಡಿಸು, ಮುತ್ತು ಪೋಣಿಸಿದ ಹಾಗೆ, ಅವನದೇ ಕೈಬರಹದಲ್ಲಿ. ಕನ್ನಡಕವಿಲ್ಲದೆಯೇ ಬರೆಯಬಲ್ಲೆ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿದ್ದಕ್ಕೆ ಸರಿಯಾದ ಶಾಸ್ತಿ.

ವಾಪಸ್ ಕಳಿಸಿದರೆ ಕೋಣೆ ಹೋಯಿತು. ಮೇಸ್ತ್ರಿ ಬಾಗಿಲಿಗೆ ಮರಳಿ, “ಹೂಂ, ಇಲ್ಲೇ. ಒಳಗೆ ಬನ್ನಿ,” ಎಂದ.

ಉಣ್ಣೆಯ ಕಸಕಡ್ಡಿ ಆರಿಸುವ ಚಿಮುಟ ಹಿಡಿದು ನೆಲಕ್ಕೆ ಕೂತ. ಉಣ್ಣಿ ಕಿತ್ತು ಕಿತ್ತು ಸೋಪಿನ ನೀರಿಗೆ ಹಾಕತೊಡಗಿದ. ಇಷ್ಟು ವರ್ಷದ ಅನುಭವವೆಲ್ಲ ಕೊನೆಗೆ ನಾಯಿಯ ಕಿವಿ ತಡಕುವುದಕ್ಕೆ ಬಂತಲ್ಲ ಎಂದು ಅವನಿಗೇ ನಗು ಬಂತು.

ಎರಡು ಜಡೆಯವಳ ನಾಯಿಗೆ ಮೈತುಂಬ ದಟ್ಟ ಕೂದಲು. ಉಣ್ಣಿ ಕಾಣಲೊಲ್ಲದು. ಹಿಂಜುವ ತಂತಿಬ್ರಷ್ ತಂದು ಬಾಚಿದರೆ ಒಳಗಿನ ಮೆತ್ತನೆ ಕೂದಲು ಹಿಡಿಹಿಡಿ ಬಂತು. ಮೇಸ್ತ್ರಿಯ ಕೈ ಸುಮ್ಮನಿರಬೇಕಲ್ಲ. ಅದನ್ನೇ ಹಿಂಜಿ, ಹಂಜಿಯಾಗಿ ಸುರುಳಿ ಸುತ್ತಿ, ರಾಟೆಯ ಮುಂದೆ ಕೂತು ಎಳೆದ. ನೂಲು ಬಂತು.

“ಇದು ನಮ್ಮ ನಾಯಿದಾ?” ಹುಡುಗಿ ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. “ಕುರಿದು ಇನ್ನೂ ಚೆನ್ನಾಗಿರುತ್ತಾ? ಕುರಿ ಎಲ್ಲಿದೆ?”

“ಇಲ್ಲೇ ಕೂತಿದೆಯಲ್ಲಮ್ಮ, ಕನ್ನಡಕ ಹಾಕ್ಕೊಂಡು,” ಎಂದ ಮೇಸ್ತ್ರಿ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಸ್ತ್ರಿ ಉಣ್ಣೆಯ ಮೂಟೆ ಬಿಚ್ಚಿದ. ಹುಡುಗಿಯ ಎಳೆ ಹರಿಯಿತು, ಮತ್ತೆ ಹರಿಯಿತು, ಆದರೂ ರಾಟೆ ಬಿಟ್ಟು ಏಳಲಿಲ್ಲ. ಉಳಿದವರು “ಈಗ ನಂದು” ಎಂದು ಸರದಿಗೆ ಕಿತ್ತಾಡಿದರು. ನಾಯಿಗಳು ಮೂಟೆಗಳ ಮೇಲೆ ನಿದ್ದೆಹೋದವು.

ಮಧ್ಯಾಹ್ನ ಮಾಲೀಕರು ಇಣುಕಿದರು. ನಾಯಿಗಳನ್ನು ಕಂಡು ಮುಖ ಸಿಂಡರಿಸಿದರು. ರಾಟೆಯ ಮುಂದಿನ ಸಾಲು ಕಂಡು, “ಡಬ್ಬ ಬೇರೆ ಕಡೆ ಇಡಿಸ್ತೀನಿ ಬಿಡು,” ಎಂದು ಬಾಗಿಲೆಳೆದುಕೊಂಡರು. ಮೇಸ್ತ್ರಿಗೆ ಕಣ್ಣು ತುಂಬಿ ಬಂತು. ಉಣ್ಣೆಯ ದೂಳು ಎಂದು ಹುಡುಗರಿಗೆ ಸುಳ್ಳು ಹೇಳಿದ.

ಸಂಜೆ ಹೆಂಡತಿ ಹೊಸ ಕಾಗದ, ಕನ್ನಡಕ ಎರಡನ್ನೂ ಅವನ ಮುಂದಿಟ್ಟಳು. “ಮುಂದಿನ ವಾರದ್ದನ್ನಾದ್ರೂ ನೋಡ್ಕೊಂಡು ಬರೀರಿ.”

ಮೇಸ್ತ್ರಿ ಕನ್ನಡಕ ಹಾಕಿಕೊಂಡು, ನಾಲಿಗೆ ಕಚ್ಚಿ, ನಿಧಾನವಾಗಿ ಬರೆದ. ‘ಉಚಿತ ಉಣ್ಣಿ ಶಿಬಿರ.’

“ಮತ್ತೆ ತಪ್ಪು ಬರೆದ್ರಲ್ರೀ.”

“ಸರಿಯಾಗಿ ಬರೆದಾಗ ನೀನೊಬ್ಬಳೇ ಬಂದಿದ್ದೆ ಕಣೇ.”